ವೈಫೈ ಅಲೆ ನುಂಗುವ ಹಲಗೆ: ಬರೀ ಕಪ್ಪು ಬಳಿದರೆ ಸಾಲದು

ಉಪಗ್ರಹಗಳನ್ನು ರೇಡಿಯೋ ಅಲೆಗಳ ಮೂಲಕ ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವ ಊರು ಹಾಸನ. ಇಲ್ಲಿನ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ರೇಡಿಯೋ ಅಲೆಗಳ ಮಾಡೆಲ್ ಮಾಡಲು ಹೊರಡುವುದು ಸಹಜವೇ. ಆದರೆ 'ಅಲೆ ಹೀರುವ ಹಲಗೆ' ಅಂತ ಬೋರ್ಡ್ ಹಾಕಿ ಇಟ್ಟಿದ್ದರಲ್ಲಿ ನಾನು ನೋಡಿದ ಬಹುಪಾಲು ಹಲಗೆಗಳು ಅಲೆಯನ್ನು ಹೀರುತ್ತಿರಲಿಲ್ಲ, ವಾಪಸ್ ಕಳಿಸುತ್ತಿದ್ದವು. ಇಂಗಾಲ ಜಾಸ್ತಿ ಬಳಿದಷ್ಟೂ ಜಾಸ್ತಿ ಹೀರುತ್ತದೆ ಅಂದುಕೊಳ್ಳುವುದೇ ತಪ್ಪು. ಬಳಿದ ಪದರದಲ್ಲಿ ವಿದ್ಯುತ್ ತೀರಾ ಸಲೀಸಾಗಿ ಹರಿದರೆ ಅಲೆ ಲೋಹಕ್ಕೆ ಬಡಿದಂತೆ ಹಿಂದಿರುಗುತ್ತದೆ, ಹರಿಯದಿದ್ದರೆ ಸುಮ್ನೆ ದಾಟಿ ಹೋಗುತ್ತದೆ. ನಡುವಿನ ಹದ ಚದರಕ್ಕೆ, ಅಂದರೆ ಚೌಕ ತುಂಡಿನ ಒಂದು ಅಂಚಿನಿಂದ ಎದುರಿನ ಅಂಚಿಗೆ, 377 ಓಮ್. ಖಾಲಿ ಜಾಗದಲ್ಲಿ ಅಲೆಗಿರುವ ತಡೆಯೂ ಅಷ್ಟೇ.

ಅಮೆರಿಕದ ವಿಜ್ಞಾನಿ ವಿನ್‌ಫೀಲ್ಡ್ ಸ್ಯಾಲಿಸ್‌ಬರಿ 1952ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಹಿಂದೆ ಲೋಹ, ಮುಂದೆ ಕಪ್ಪು ಹಾಳೆ, ಎರಡರ ನಡುವೆ ಕಾಲು ಅಲೆಯಷ್ಟು (ಒಂದು ಅಲೆಯ ಉದ್ದದ ನಾಲ್ಕನೇ ಒಂದು ಭಾಗ) ಅಂತರ. ಲೋಹದ ಮೈಮೇಲೆ ಅಲೆಯ ವಿದ್ಯುತ್ ಬಲ ಸೊನ್ನೆ, ಕಾಲು ಅಲೆ ಈಚೆಗೆ ಬಂದರೆ ಅತಿ ಹೆಚ್ಚು. ಹಾಳೆ ಅಲ್ಲೇ ನಿಂತು ಅದನ್ನು ಬಿಸಿಯಾಗಿ ಮಾರ್ಪಡಿಸುತ್ತದೆ.

ಮೊದಲು ಹಿಂಬದಿ. 2.4 ಗಿಗಾಹರ್ಟ್ಸ್ ವೈಫೈಗೆ ಕಾಲು ಅಲೆ ಅಂದರೆ ಸುಮಾರು 31 ಮಿ.ಮೀ. ಒಂದಿಂಚಿನ ಥರ್ಮೋಕೋಲ್‌ಗೆ ಕಾಲಿಂಚಿನದು ಅಂಟಿಸಿದರೆ ಸಾಕು, ಹಿಂದೆ ಅಡುಗೆಮನೆಯ ಫಾಯಿಲ್ ಸುಕ್ಕಿಲ್ಲದೆ ಹಚ್ಚಿ. ಬಿಳಿ ಗೋಂದನ್ನೇ ಬಳಸಿ. ಚಪ್ಪಲಿಗೆ ಹಚ್ಚುವ ರಬ್ಬರ್ ಗಮ್ ಥರ್ಮೋಕೋಲನ್ನು ತಿಂದುಹಾಕುತ್ತದೆ.

ಇನ್ನು ಕಪ್ಪು ಹಾಳೆ. ಕೆಲಸ ಕೆಡುವುದೆಲ್ಲ ಇಲ್ಲೇ. ಗ್ರಾಫೈಟ್ ಪುಡಿಯನ್ನು ಬಿಳಿ ಗೋಂದು ಮತ್ತು ಸ್ವಲ್ಪ ನೀರಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಹಳೆ ಸೆಲ್ ಒಡೆದು ಒಳಗಿನ ಕರಿ ಪುಡಿ ತೆಗೆಯುವ ಉಪಾಯ ಬೇಡ, ಅದು ಬಹುಪಾಲು ಮ್ಯಾಂಗನೀಸ್ ಡೈಆಕ್ಸೈಡ್. ಇಂಗಾಲ ಬೇಕಿದ್ದರೆ ನಡುವಿನ ಕಡ್ಡಿಯಲ್ಲಿದೆ. ಪೆನ್ಸಿಲ್ ತಿಕ್ಕಿದ ಚಾರ್ಟ್ ಕೂಡ ಬೇಡ, ಹದ ಸಿಗುವುದಿಲ್ಲ.

ಥರ್ಮೋಕೋಲ್ ಮೇಲೆ ನೇರ ಬಳಿಯಬೇಡಿ. ಚಾರ್ಟ್ ಪೇಪರ್ ಮೇಲೆ ಹಳೆ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ, ಒಂದು ಕೋಟ್ ಉದ್ದಕ್ಕೆ, ಒಂದು ಅಡ್ಡಕ್ಕೆ. ಬ್ರಷ್ ನನಗೆ ಇಷ್ಟವಿಲ್ಲ: ಅದರ ಗೆರೆಗಳ ಉದ್ದಕ್ಕೂ ಒಂದು ರೀಡಿಂಗ್, ಅಡ್ಡಕ್ಕೆ ಇನ್ನೊಂದು ರೀಡಿಂಗ್ ಬರುತ್ತದೆ. ಪೂರ್ತಿ ಒಣಗಲಿ, ಮಳೆಗಾಲದಲ್ಲಿ ಸಕಲೇಶಪುರದ ಕಡೆಯವರು ಇದಕ್ಕೆ ಜಾಸ್ತಿ ತಾಳ್ಮೆ ಇಟ್ಟುಕೊಳ್ಳಬೇಕು, ಯಾಕೆಂದರೆ ಒಣಗುತ್ತಾ ಒಣಗುತ್ತಾ ರೀಡಿಂಗ್ ಬದಲಾಗುತ್ತದೆ.

ಅಳೆಯುವಾಗ ಮಲ್ಟಿಮೀಟರ್‌ನ ಎರಡು ಮೊನೆಗಳನ್ನು ಎಲ್ಲೋ ಚುಚ್ಚಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. 10 ಸೆಂ.ಮೀ. ಚೌಕವೊಂದನ್ನು ಕತ್ತರಿಸಿ. ಎದುರುಬದುರು ಅಂಚುಗಳ ಇಡೀ ಉದ್ದಕ್ಕೆ ಫಾಯಿಲ್ ಪಟ್ಟಿ ಇಟ್ಟು, ಸ್ಕೇಲ್‌ನಿಂದ ಒತ್ತಿ ಹಿಡಿದು, ಆ ಪಟ್ಟಿಗಳಿಗೆ ಮೀಟರ್ ತಾಗಿಸಿ. ಚೌಕ ಚಿಕ್ಕದಾದರೂ ದೊಡ್ಡದಾದರೂ ಓಮ್ ಒಂದೇ, ಆದರೆ ಚೌಕವೇ ಆಗಿರಬೇಕು. 10 ಅಗಲಕ್ಕೆ 30 ಉದ್ದವಿದ್ದರೆ ಮೂರು ಪಟ್ಟು ತೋರಿಸುತ್ತದೆ. ಚೌಕವನ್ನು ತಿರುಗಿಸಿ ಇನ್ನೊಂದು ದಿಕ್ಕಿಗೂ ನೋಡಿ. 300ರಿಂದ 450ರೊಳಗಿದ್ದರೆ ಲೆಕ್ಕದ ಪ್ರಕಾರ ಶೇ 98ಕ್ಕಿಂತ ಜಾಸ್ತಿ ಹೀರುತ್ತದೆ. 100 ಓಮ್ ಬಂದರೆ ಮೂರನೇ ಒಂದು ಭಾಗ ವಾಪಸ್! ಓಮ್ ಜಾಸ್ತಿಯಿದ್ದರೆ ಹತ್ತಿಯಿಂದ ಉಜ್ಜಿ ಹೊಳಪು ತರಿಸಿ ಅಥವಾ ಇನ್ನೊಂದು ಕೋಟ್ ಕೊಡಿ. ಕಡಿಮೆಯಿದ್ದರೆ ಹೊಸ ಹಾಳೆಯೇ ವಾಸಿ. ಹದ ಬಂದ ಹಾಳೆಯನ್ನು ಥರ್ಮೋಕೋಲ್‌ನ ಮುಂಬದಿಗೆ ಅಂಟಿಸಿ.

ಲ್ಯಾಬ್‌ಗಳಲ್ಲಿ ಅಲೆ ಹೀರಲು ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬಳಸುತ್ತಾರಲ್ಲ, ಇದರಲ್ಲಿ ಅದು ಎಲ್ಲಿ ಅಂತ ಕೇಳುವವರಿಗೆ: ಗ್ರಾಫೈಟ್ ಅಂದರೆ ಗ್ರಾಫೀನ್ ಹಾಳೆಗಳ ಕಟ್ಟು. ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಟೇಪ್ ಅಂಟಿಸಿ ಒಂದೇ ಹಾಳೆ ಬಿಡಿಸಿದರು, 2010ರಲ್ಲಿ ನೊಬೆಲ್ ಬಂತು. ಲ್ಯಾಬ್‌ನಲ್ಲಿ ಗ್ರಾಫೀನ್, ತೆಳು ಅಕ್ರಿಲಿಕ್ ಪಾಲಿಮರ್, ಮತ್ತೆ ಗ್ರಾಫೀನ್ ಅಂತ ಪೇರಿಸುತ್ತಾರೆ. ಒಂದೊಂದು ಪದರ ಸೇರಿದಾಗಲೂ ಓಮ್ ಇಳಿಯುತ್ತದೆ, ಹಾಗೆ ಎಣಿಸಿಕೊಂಡೇ ಹದ ಹಿಡಿಯುತ್ತಾರೆ. ಆದರೂ ಹಿಂದೆ ಲೋಹವಿಲ್ಲದೆ ಗಾಳಿಯಲ್ಲಿ ನಿಂತ ತೆಳು ಪದರ ನೇರ ಬಂದ ಅಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೀರಲಾರದು. ಫಾಯಿಲ್ ಬಿಡಬೇಡಿ ಅನ್ನುವುದು ಅದಕ್ಕೇ. ಮೊಬೈಲ್ ಹಿಂದೆ ಅಂಟಿಸುವ 'ರೇಡಿಯೇಶನ್ ತಡೆ' ಸ್ಟಿಕ್ಕರ್‌ಗೆ ದುಡ್ಡು ಸುರಿಯಬೇಡಿ. ಅದು ನಿಜವಾಗಿ ಅಲೆ ತಡೆದರೆ ಫೋನ್ ಟವರ್‌ಗೆ ತಲುಪಲು ಇನ್ನೂ ಜೋರಾಗಿ ಕೂಗುತ್ತದೆ, ಅಷ್ಟೇ.

ಕೊನೆಗೆ ಪರೀಕ್ಷೆ. ರೂಟರ್ ಮತ್ತು ಫೋನ್ ಎರಡನ್ನೂ ಹಲಗೆಯತ್ತ ತಿರುಗಿಸಿ, ಅಲೆ ಒಂದರಿಂದ ಇನ್ನೊಂದಕ್ಕೆ ನೇರ ಹೋಗದಂತೆ ಅವೆರಡರ ನಡುವೆ ಒಂದು ತಗಡು ನಿಲ್ಲಿಸಿ, ಸಿಗ್ನಲ್ ತೋರಿಸುವ ಆ್ಯಪ್‌ನಲ್ಲಿ ಡೆಸಿಬೆಲ್ ಬರೆದುಕೊಳ್ಳಿ. ಮೊದಲು ಹಲಗೆಯ ಫಾಯಿಲ್ ಬದಿ, ಆಮೇಲೆ ಕಪ್ಪು ಬದಿ. ಸಂಖ್ಯೆ ಕುಣಿಯುತ್ತಿರುತ್ತದೆ, ಹಲವು ಸಲ ನೋಡಿ ಸರಾಸರಿ ತೆಗೆಯಿರಿ. ಹಲಗೆಯಿಂದ ಬರುವುದು 10 ಡೆಸಿಬೆಲ್ ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಅಂತ. ಕೋಣೆಯ ಗೋಡೆಗಳೂ ಅಲೆ ವಾಪಸ್ ಕಳಿಸುವುದರಿಂದ ಅಷ್ಟು ಇಳಿಯದಿರಬಹುದು, ಬಯಲಲ್ಲಿ ಮಾಡಿದರೆ ಒಳ್ಳೆಯದು. ಮತ್ತೆ, ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಆಫ್ ಮಾಡಿ. ಫೋನ್ ತಾನಾಗೇ ಅದಕ್ಕೆ ಜಿಗಿದರೆ ನಿಮ್ಮ 31 ಮಿ.ಮೀ. ಹೆಚ್ಚುಕಮ್ಮಿ ಅರ್ಧ ಅಲೆಯಾಗುತ್ತದೆ, ಕಪ್ಪು ಹಾಳೆ ಇದ್ದೂ ಇಲ್ಲದಂತೆ.