ಫ್ರೀಜ್ ಡ್ರೈಯರ್ ಇಲ್ಲದೆ ಸ್ಕ್ಯಾಫೋಲ್ಡ್ ಮಾಡಿದ ನನ್ನ ಅನುಭವ

ಈ ಸಲ ಕಕ್ಕಡದಲ್ಲಿ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಸುಮಾರು ಹದಿಮೂರು ದಿನ ಕರೆಂಟು ಬಂದು ಹೋಗಿ ಮಾಡ್ತಿತ್ತು. ಆದರೂ ನನ್ನ ಕೈಟೋಸಾನ್ ಸ್ಕ್ಯಾಫೋಲ್ಡ್ (ಸೀಗಡಿ, ಏಡಿ ಚಿಪ್ಪಿನಿಂದ ಬರುವ ಪದಾರ್ಥದ ಸ್ಪಂಜು, ಇದರೊಳಗೆ ಕಾರ್ಟಿಲೇಜ್, ಅಂದರೆ ಕೀಲಿನ ಮೆದು ಮೂಳೆ, ಬೆಳೆಸ್ತೀನಿ) ಒಂದೂ ಹಾಳಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ "ಫ್ರೀಜ್ ಡ್ರೈಯರ್ ಇಲ್ಲದೆ ವಿರಾಜಪೇಟೆಯಲ್ಲಿ ಕೂತು ಕಾರ್ಟಿಲೇಜ್ ಬೆಳೆಸ್ತೀರಾ ಮೇಡಂ?" ಅಂತ ನಕ್ಕವರು ಮೈಸೂರಲ್ಲೂ ಇದ್ದಾರೆ, ನಮ್ಮನೆಯಲ್ಲೂ ಇದ್ದಾರೆ.

ಮೊದಲ ಎರಡು ವರ್ಷ ನಾನೂ ಎಲ್ಲರ ದಾರಿಯಲ್ಲೇ ಹೋದೆ. ಪರಿಚಯದ ಲ್ಯಾಬೊಂದರ ಹಳೇ ಫ್ರೀಜ್ ಡ್ರೈಯರ್, ಅಂದರೆ ಹೆಪ್ಪುಗಟ್ಟಿದ್ದನ್ನು ವ್ಯಾಕ್ಯೂಮಿನಲ್ಲಿ ಒಣಗಿಸುವ ಯಂತ್ರ, ಎರವಲು ತಂದೆ. ರಿಪೇರಿ, ಪಂಪ್ ಆಯಿಲ್, ಸ್ಟೆಬಿಲೈಜರ್ ಎಲ್ಲ ಸೇರಿ ತೊಂಬತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಜೂನ್ ಬಂತು. ರಾತ್ರಿ ಎರಡಕ್ಕೆ ಕರೆಂಟು ಹೋದರೆ ಬೆಳಿಗ್ಗೆ ಸ್ಪಂಜಿನ ಬದಲು ಅಂಟು ಹಪ್ಪಳ. ಸರಿಯಾಗಿ ಒಣಗಿದ್ದೂ ಉಳಿಯಲಿಲ್ಲ, ಗಾಳಿಯ ತೇವ ಎಳೆದುಕೊಂಡು ಕುಗ್ಗಿಹೋಯ್ತು.

ಆಗ ನೆನಪಾಗಿದ್ದು 2004ರಲ್ಲಿ ತೈವಾನಿನವರು ಪ್ರಕಟಿಸಿದ ಫ್ರೀಜ್ ಜೆಲೇಷನ್. ಹೆಪ್ಪುಗಟ್ಟಿದ ಕೈಟೋಸಾನನ್ನು ಐಸ್ ಕರಗುವ ಮೊದಲೇ ತಣ್ಣಗಿನ ಕಾಸ್ಟಿಕ್ ಸೋಡಾ-ಎಥನಾಲ್‌ನಲ್ಲಿ ಮುಳುಗಿಸಿಟ್ಟರೆ ಅಲ್ಲೇ ಜೆಲ್ ಆಗುತ್ತೆ, ರಂಧ್ರ ಹಾಗೇ ಉಳಿಯುತ್ತೆ. ವ್ಯಾಕ್ಯೂಮ್ ಬೇಡವೇ ಬೇಡ. ಗೋಣಿಕೊಪ್ಪದ ಐಸ್‌ಕ್ರೀಮ್ ಅಂಗಡಿಯೊಂದು ಮುಚ್ಚುತ್ತಿತ್ತು, ಮೇಲೆ ಮುಚ್ಚಳ ಇರುವ ಅವರ ಫ್ರೀಜರ್ ಹನ್ನೊಂದು ಸಾವಿರಕ್ಕೆ ಸಿಕ್ಕಿತು. ಲೀಟರ್ ನೀರಿಗೆ ಮುನ್ನೂರು ಗ್ರಾಂ ಕಲ್ಲುಪ್ಪು ಕರಗಿಸಿ ಇಪ್ಪತ್ತು ಬಾಟಲಿ ತಳಕ್ಕೆ ಜೋಡಿಸಿದೆ. ಆ ಉಪ್ಪುನೀರು ಗಟ್ಟಿಯಾಗೋದು ಮೈನಸ್ 21ರಲ್ಲಿ. ಹಾಗಾಗಿ ಫ್ರೀಜರನ್ನು ಮೈನಸ್ 25ಕ್ಕೆ ಇಡಬೇಕು. ಒಮ್ಮೆ ಗಟ್ಟಿಯಾದರೆ ಒಂಬತ್ತು ಗಂಟೆ ಕರೆಂಟು ಇಲ್ಲದಿದ್ದರೂ ಥರ್ಮಾಮೀಟರಿನ ಮುಳ್ಳು ಹೆಚ್ಚು ಅಲ್ಲಾಡಲ್ಲ.

ದ್ರಾವಣ ಎಲ್ಲರದ್ದೇ: ಒಂದು ಪರ್ಸೆಂಟ್ ಅಸಿಟಿಕ್ ಆಸಿಡ್‌ನಲ್ಲಿ ಎರಡು ಪರ್ಸೆಂಟ್ ಕೈಟೋಸಾನ್. ಮೊದಲ ಬ್ಯಾಚಿನಲ್ಲಿ ಎಥನಾಲನ್ನು ಮೊದಲೇ ಫ್ರೀಜರ್‌ನಲ್ಲಿ ಇಡದೆ ಸುರಿದುಬಿಟ್ಟೆ. ಹೊರಗೆ ತೊಗಲು ಕಟ್ಟಿತು, ಒಳಗೆ ಲೋಳೆ. ಈಗ ಹಿಂದಿನ ದಿನವೇ ತಣ್ಣಗಿಡ್ತೀನಿ. ಮೇಲಿನ ತೊಗಲು ಬಾರದಂತೆ ಅಚ್ಚಿಗೆ ಏನು ಸವರ್ತೀನಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೇ ಪೆಟ್ಟು ತೊಳೆಯೋದರಲ್ಲಿ. ಎರಡು ಸಲ ಬಫರ್‌ನಲ್ಲಿ ಅದ್ದಿ ಆಯ್ತು ಅಂದುಕೊಂಡು ಸೆಲ್ ಹಾಕಿದೆ. ಕಿತ್ತಳೆಗೆಂಪು ಇರಬೇಕಾದ ಮೀಡಿಯಂ (ಕೋಶಕ್ಕೆ ಆಹಾರದ ದ್ರಾವಣ) ಬೆಳಿಗ್ಗೆ ನೋಡಿದರೆ ಕಡು ಗುಲಾಬಿ. ಕಾಸ್ಟಿಕ್ ಇನ್ನೂ ಒಳಗೇ ಕೂತಿತ್ತು. ಕೋಶಗಳೆಲ್ಲ ಗುಂಡಗೆ ಸತ್ತು ತೇಲ್ತಿದ್ದವು. ಹದಿನಾಲ್ಕು ಸಾವಿರದ ಸೀರಂ, ಕೊಲಾಜಿನೇಸ್ (ಕಾರ್ಟಿಲೇಜಿನಿಂದ ಕೋಶ ಬಿಡಿಸುವ ಕಿಣ್ವ) ಸಿಂಕಿಗೆ. ಈಗ ಮೂರು ದಿನ ತೊಳೆದು, ಒಂದು ರಾತ್ರಿ ಬರೀ ಮೀಡಿಯಂನಲ್ಲಿ ನೆನೆಸಿ, ಬಣ್ಣ ಬದಲಾಗದಿದ್ದರೆ ಮಾತ್ರ ಮುಂದಿನ ಕೆಲಸ.

ಕಾರ್ಟಿಲೇಜಿನ ಕೋಶಕ್ಕೆ ನಮ್ಮ ಕೊಡಗಿನಲ್ಲಿ ಬರವಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಹಂದಿ ಮಾಂಸದ ಅಂಗಡಿ ಮುಂದೆ ಐಸ್ ಡಬ್ಬಿ ಹಿಡಿದು ನಿಲ್ತೀನಿ. "ಏನಕ್ಕಾ, ಮಾಂಸ ಬಿಟ್ಟು ಬರೀ ಮೊಣಕಾಲು ಗಂಟು ಕೇಳ್ತೀರಲ್ಲ?" ಅಂದ ಅಂಗಡಿಯವನು ಈಗ ಕೀಲು ಬಿಚ್ಚದೆ, ಕತ್ತಿ ತಾಗಿಸದೆ ಎತ್ತಿಡ್ತಾನೆ. ಬಿಚ್ಚಿದ ಕೀಲಿನಿಂದ ತಂದಾಗ ಒಮ್ಮೆಯೂ ಫಂಗಸ್ ತಪ್ಪಿರಲಿಲ್ಲ.

ನಡುವೆ ಒಂದು ಹುಚ್ಚು. ಅಸಿಟಿಕ್ ಬದಲು ಕಾಚಂಪುಳಿಯಲ್ಲಿ (ಪಂದಿಕರಿಗೆ ಹಾಕುವ ಕಪ್ಪು ಹುಳಿ) ಕರಗಿಸಿದರೆ? ಅದರಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆಯಲ್ಲ ಅಂತ. ಕರಗಿತು, ಆದರೆ ಜೋನಿಬೆಲ್ಲದಂತೆ ನೂಲು ಬಿಟ್ಟು ಸೋಸಲಾಗದೆ ಹೋಯ್ತು. ಲ್ಯಾಬೆಲ್ಲ ಪಂದಿಕರಿ ವಾಸನೆ. ಜೆನಿಪಿನ್‌ನಿಂದ ಕ್ರಾಸ್‌ಲಿಂಕ್ (ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ) ಮಾಡಿದ್ದು ಚೆನ್ನಾಗಿಯೇ ಬಂತು, ಮದ್ದುಪಾಯಸಕ್ಕೆ ಹತ್ತಿರದ ಕಡುನೀಲಿ, ಹಿಚುಕಿದರೂ ಮುದುರಲ್ಲ. ಆದರೆ ಚಿಟಿಕೆ ಪುಡಿಗೆ ಏಳೆಂಟು ಸಾವಿರ. ಗ್ಲುಟರಾಲ್ಡಿಹೈಡ್ ಅದೇ ಕೆಲಸಕ್ಕೆ ಅಗ್ಗ ನಿಜ, ಕೋಶಕ್ಕೆ ವಿಷ ಹಾಕಲು ನನಗೆ ಮನಸ್ಸಿಲ್ಲ.

ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ) ಮಾಡಿಸಲು ಒಣಗಿಸಿದ ತುಂಡುಗಳನ್ನು ಸಿಲಿಕಾ ಜೆಲ್ ಜೊತೆ ಸ್ಟೀಲ್ ಟಿಫಿನ್ ಬಾಕ್ಸಿನಲ್ಲಿಟ್ಟು ಹುಣಸೂರು ಮೇಲಿಂದ ಮೈಸೂರಿಗೆ ಬಸ್ಸಿನಲ್ಲಿ ಒಯ್ದೆ. ರಂಧ್ರ ನೂರರಿಂದ ನೂರೈವತ್ತು ಮೈಕ್ರಾನ್, ಒಂದಕ್ಕೊಂದು ತೆರೆದುಕೊಂಡಿದ್ದವು. ಮೊದಲು ನಕ್ಕವರೇ ಸ್ಕ್ರೀನ್ ಹತ್ತಿರ ಬಂದು "ಯಾವ ಫ್ರೀಜ್ ಡ್ರೈಯರ್?" ಅಂದರು. ಐಸ್‌ಕ್ರೀಮ್ ಕಂಪನಿಯದ್ದು ಅಂದೆ.

ಸ್ಕ್ಯಾಫೋಲ್ಡಿಗೆ ಹತ್ತು ಲಕ್ಷದಷ್ಟು ಕೋಶ ಹಾಕಿ ನಾಲ್ಕನೇ ವಾರ, ಕಾರ್ಟಿಲೇಜಿನ ಅಂಶ ಇದ್ದಲ್ಲಿ ಕೆಂಪಾಗುವ ಸಫ್ರಾನಿನ್-ಓ ಬಣ್ಣ ಹಾಕಿದಾಗ ಅಂಚೆಲ್ಲ ಕೆಂಪಗೆ ಬಂತು. ಎರಡು ಮಿಲಿಮೀಟರ್ ದಪ್ಪದ್ದರಲ್ಲಿ ಒಳಗೂ ಬಣ್ಣ ಇತ್ತು, ಐದು ಮಿಲಿಮೀಟರಿನದ್ದರಲ್ಲಿ ನಡುಭಾಗ ಪೂರ್ತಿ ಬಿಳಿಚಿಕೊಂಡಿತ್ತು. ಗಟ್ಟಿತನದಲ್ಲೂ ಅಸಲಿ ಕಾರ್ಟಿಲೇಜಿನ ಹತ್ತಿರ ಸುಳಿಯಲ್ಲ. ಈಗ ಥರ್ಮಾಕೋಲ್ ಅಚ್ಚಿನ ತಳಕ್ಕೆ ತಾಮ್ರದ ತಗಡು ಕೂರಿಸಿ, ರಂಧ್ರವೂ ನೆಟ್ಟಗಾಗಲಿ ಅಂತ ಐಸ್ ಕೆಳಗಿಂದ ಮೇಲಕ್ಕೆ ನೆಟ್ಟಗೆ ಬೆಳೆಯುವ ಹಾಗೆ ಮಾಡ್ತಾ ಇದ್ದೀನಿ. ತಗಡು ನಮ್ಮ ಹಳೇ ಹಂಡೆಯದ್ದು. ಅತ್ತೆಗೆ ಇನ್ನೂ ಗೊತ್ತಿಲ್ಲ.