ಹಳೇ ರಿಗ್‌ನಲ್ಲಿ 9600 ಬಾಡ್ ಪ್ಯಾಕೆಟ್: ಮೈಕ್ ಸಾಕೆಟ್ ಮರೆತುಬಿಡಿ

ಹ್ಯಾಮ್ ರೇಡಿಯೋದಲ್ಲಿ ಮಾತಿನ ಬದಲು ಕಂಪ್ಯೂಟರಿನ ಅಕ್ಷರಗಳನ್ನು ಕಟ್ಟು ಕಟ್ಟಿ ಕಳಿಸುವುದೇ ಪ್ಯಾಕೆಟ್. ಸೆಕೆಂಡಿಗೆ 1200 ಬಿಟ್ ಹೋಗುವ 1200 ಬಾಡ್ ಪ್ಯಾಕೆಟ್‌ಗೆ ರಿಗ್ಗಿನ, ಅಂದರೆ ರೇಡಿಯೋ ಸೆಟ್ಟಿನ, ಮೈಕ್ ಸಾಕೆಟ್ ಸಾಕು. 9600ಕ್ಕೆ ಸಾಲದು. ಇದು ಗೊತ್ತಿಲ್ಲದೆ ನಾನು ಬದಿಯಡ್ಕದ ಮನೆಯಲ್ಲಿ ಕೂತು ಒಂದು ಇಡೀ ಭಾನುವಾರ ಹಾಳು ಮಾಡಿಕೊಂಡೆ. ಕುಂಬಳೆಯ ಗೆಳೆಯ ಆ ಕಡೆಯಿಂದ "ಬರೀ ಗರಗರ ಮಾರಾಯ, ಒಂದಕ್ಷರ ಇಲ್ಲ" ಅಂತ ಹೇಳಿ ಹೇಳಿ ಸುಸ್ತಾದ.

ಕಾರಣ ಇಷ್ಟೇ. 1200ರಲ್ಲಿ ಹೋಗುವುದು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರ. ಮಾತು ಹೋಗುವ ದಾರಿಯಲ್ಲೇ ಅವೂ ಹೋಗುತ್ತವೆ. ಜಿ3ಆರ್‌ಯುಎಚ್ ಎಂಬ ಗುರುತಿನ ಹ್ಯಾಮ್ ರೂಪಿಸಿದ ಮಾದರಿಯ 9600ರಲ್ಲಿ ಸ್ವರವೇ ಇಲ್ಲ, ಬಿಟ್‌ಗಳೇ ನೇರವಾಗಿ ಫ್ರೀಕ್ವೆನ್ಸಿಯನ್ನು ಆಚೀಚೆ ತಳ್ಳುತ್ತವೆ. ಕೆಲವು ಹರ್ಟ್ಸ್‌ನಿಂದ ಹಿಡಿದು ಸುಮಾರು 5 ಕಿಲೋಹರ್ಟ್ಸ್ ತನಕ ಎಲ್ಲ ಹಾಗೇ ದಾಟಬೇಕು. ಮೈಕ್ ಆಂಪ್ಲಿಫೈಯರ್ ಮಾತಿಗೆ ಬೇಡದ್ದನ್ನೆಲ್ಲ ಕತ್ತರಿಸಿ ಹಾಕುತ್ತದೆ.

ಮೊದಲು ಸೆಟ್ಟಿನ ಹಿಂಭಾಗ ನೋಡಿ. 6 ಪಿನ್ನಿನ ಮಿನಿ ಡಿನ್ ಡೇಟಾ ಸಾಕೆಟ್ ಇದ್ದರೆ ಬಿಚ್ಚುವುದೇ ಬೇಡ: 1 ಡೇಟಾ ಒಳಗೆ, 2 ಗ್ರೌಂಡ್, 3 ಪಿಟಿಟಿ (ಸೆಟ್ಟನ್ನು ಪ್ರಸಾರಕ್ಕೆ ತಿರುಗಿಸುವುದು), 4 9600ರ ಔಟ್‌ಪುಟ್. ಮೆನುವಿನಲ್ಲಿ 9600 ಆರಿಸಿ, ಮುಗಿಯಿತು.

ಇಲ್ಲವಾದರೆ ಸರ್ಕ್ಯೂಟ್ ಚಿತ್ರ ಹುಡುಕಿಕೊಂಡು ಸ್ಕ್ರೂ ಬಿಚ್ಚಿ. ರಿಸೀವರ್ ಕಡೆ ಸುಲಭ. ಎಂಸಿ3361 ಐಸಿ ಇದ್ದರೆ ಅದರ 9ನೇ ಪಿನ್ನೇ ಡಿಸ್ಕ್ರಿಮಿನೇಟರ್ ಔಟ್‌ಪುಟ್ (ಫ್ರೀಕ್ವೆನ್ಸಿಯ ಏರಿಳಿತ ವೋಲ್ಟೇಜಾಗಿ ಸಿಗುವ ಜಾಗ). ಅಲ್ಲಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಶೀಲ್ಡೆಡ್ ವೈರ್ ಹೊರಗೆ ತನ್ನಿ. ಪ್ಲಸ್ ಕಾಲು ಐಸಿ ಕಡೆಗೆ. 455 ಕಿಲೋಹರ್ಟ್ಸ್‌ನ ಸೆರಾಮಿಕ್ ಫಿಲ್ಟರ್ ಮೇಲಿನ ಅಕ್ಷರವನ್ನೂ ನೋಡಿ. ಸಿಎಫ್‌ಯು455 ಸಾಲಿನಲ್ಲಿ 'ಇ' ಅಥವಾ 'ಡಿ' ಇದ್ದರೆ ಒಳ್ಳೆಯದು, 'ಜಿ' ತೀರಾ ಇಕ್ಕಟ್ಟು. ಬೆಸುಗೆಗೆ 25 ವ್ಯಾಟಿನ ಸಪೂರ ತುದಿ ಸಾಕು, ದೊಡ್ಡದು ಹಿಡಿದು ನಾನು ಬೋರ್ಡಿನ ತಾಮ್ರವನ್ನೇ ಎಬ್ಬಿಸಿದ್ದೇನೆ.

ಟ್ರಾನ್ಸ್‌ಮಿಟರ್ ಕಡೆ ಹುಷಾರು. ವಿಸಿಓದಲ್ಲಿ (ವೋಲ್ಟೇಜಿಗೆ ತಕ್ಕಂತೆ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಮಾಡ್ಯುಲೇಶನ್‌ಗೆಂದೇ ಒಂದು ವ್ಯಾರಾಕ್ಟರ್ ಡಯೋಡ್ ಇರುತ್ತದೆ. ಮೈಕ್‌ನ ಲಿಮಿಟರ್, ಫಿಲ್ಟರ್ ಎಲ್ಲ ದಾಟಿದ ಮೇಲೆ ಆ ಡಯೋಡಿಗೆ ಸಿಗ್ನಲ್ ಸೇರುವ ಜಾಗದಲ್ಲೇ ನಮ್ಮ ಡೇಟಾ ಕೊಡಬೇಕು, ಇಲ್ಲೂ ಕೆಪಾಸಿಟರ್ ಮೂಲಕ, ಇಲ್ಲದಿದ್ದರೆ ವೈರ್ ಮುಟ್ಟಿಸಿದ ಕೂಡಲೇ ಫ್ರೀಕ್ವೆನ್ಸಿ ಜಾರುತ್ತದೆ. ನಿಮ್ಮ ಸೆಟ್ಟಿನಲ್ಲಿ ಫೇಸ್ ಮಾಡ್ಯುಲೇಟರ್ ಇದ್ದರೆ ಸುಮ್ನೆ ಒದ್ದಾಡಬೇಡಿ, ಬೇರೆ ಸೆಟ್ ಹುಡುಕಿ.

ಈಗ ಎಲ್ಲರೂ ಎಡವುವ ಜಾಗ: ಡೀವಿಯೇಶನ್, ಅಂದರೆ ಫ್ರೀಕ್ವೆನ್ಸಿ ನಡುವಿನಿಂದ ಆಚೀಚೆ ಎಷ್ಟು ಸರಿಯುತ್ತದೆ ಎಂಬುದು. 3 ಕಿಲೋಹರ್ಟ್ಸ್ ಬೇಕು. ಜಾಸ್ತಿ ಕೊಟ್ಟರೆ ದೂರ ಹೋಗುತ್ತದೆ ಅಂದುಕೊಳ್ಳುತ್ತೇವೆ, ಆದರೆ ಆ ಕಡೆಯ ಫಿಲ್ಟರ್ ಅಂಚನ್ನು ಕತ್ತರಿಸಿ ಪ್ಯಾಕೆಟ್ಟೇ ಸಾಯುತ್ತದೆ. ಮೀಟರ್ ಇಲ್ವಾ? ಆಂಟೆನಾ ಬದಲು ಡಮ್ಮಿ ಲೋಡ್ (ಸಿಗ್ನಲ್ ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ. ಸೌಂಡ್ ಕಾರ್ಡಿನಿಂದ 1247 ಹರ್ಟ್ಸ್ ಸ್ವರ ಕಳಿಸಿ, ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ಲಿನಲ್ಲಿ (ಸಿಗ್ನಲ್ಲನ್ನು ಕಂಪ್ಯೂಟರಿನಲ್ಲಿ ತೋರಿಸುವ ಪುಟ್ಟ ರಿಸೀವರ್) ನೋಡುತ್ತಾ ಲೆವೆಲ್ ಅನ್ನು ಸೊನ್ನೆಯಿಂದ ಮೆಲ್ಲ ಏರಿಸಿ. ನಡುವಿನ ಕ್ಯಾರಿಯರ್ ಗೆರೆ ಮೊದಲ ಸಲ ಮಾಯವಾದಲ್ಲಿ ನಿಲ್ಲಿಸಿ. ಅದೇ ಸರಿಯಾಗಿ 3 ಕಿಲೋಹರ್ಟ್ಸ್, ಯಾಕೆಂದರೆ ಡೀವಿಯೇಶನ್ ಸ್ವರದ 2.405 ಪಟ್ಟಾದಾಗ ಕ್ಯಾರಿಯರ್ ಮೊದಲ ಸಲ ಮಾಯವಾಗುತ್ತದೆ, 1247ನ್ನು 2.405ರಿಂದ ಗುಣಿಸಿದರೆ ಹೆಚ್ಚುಕಡಿಮೆ 3000 ಬರುತ್ತದೆ. ಡೇಟಾದ ಎತ್ತರವೂ ಆ ಸ್ವರದಷ್ಟೇ ಇರಲಿ.

ಕಂಪ್ಯೂಟರಿನಲ್ಲಿ ಡೈರ್‌ವುಲ್ಫ್ ಎಂಬ ಪ್ಯಾಕೆಟ್ ತಂತ್ರಾಂಶ, ಮೋಡೆಮ್ 9600, ಸ್ಯಾಂಪಲ್ ರೇಟ್ 48000. ಸೌಂಡ್ ಕಾರ್ಡಿನ ಶಬ್ದ ಶುದ್ಧಿ ಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಟಿಎಕ್ಸ್ ಡಿಲೇ (ಪ್ರಸಾರ ಶುರುವಾದ ಮೇಲೆ ಡೇಟಾ ಹೊರಡುವ ತನಕ ಕಾಯುವ ಹೊತ್ತು) 300 ಮಿಲಿಸೆಕೆಂಡಿನಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. 256 ಬೈಟಿನ ಪ್ಯಾಕೆಟ್ ಹೋಗಲು ಸುಮಾರು 213 ಮಿಲಿಸೆಕೆಂಡ್ ಸಾಕು, ಕಾಯುವುದೇ ಅದಕ್ಕಿಂತ ಜಾಸ್ತಿಯಾದರೆ ಮೂಗಿಗಿಂತ ಮೂಗುತಿ ಭಾರ ಅಲ್ವಾ? ಹಳೇ ಸೆಟ್ಟಿನ ರಿಲೇ ನಿಧಾನ, ಹಾಗಾಗಿ ತೀರಾ ಇಳಿಸಿದರೂ ಪ್ಯಾಕೆಟ್ಟಿನ ತಲೆ ಹಾರುತ್ತದೆ.

ಲೈಸೆನ್ಸ್ ಇದ್ದವರಿಗೆ ಮಾತ್ರ ಇದೆಲ್ಲ. 144ರಿಂದ 146 ಮೆಗಾಹರ್ಟ್ಸ್ ಒಳಗೇ ಇರಿ, ಕಾಲ್‌ಸೈನ್ ಹಾಕಿ, ಗುಪ್ತಲಿಪಿ ಬೇಡ. ನಮ್ಮ ಕಡೆ ಅಡಿಕೆ ತೋಟದ ನಡುವೆ ಮನೆ ಇದ್ದರೆ ಸಿಗ್ನಲ್ ಸೊರಗುತ್ತದೆ, ಮಳೆಗಾಲದಲ್ಲಂತೂ ಕೇಳಬೇಡಿ. ನಾನು ಮೊದಲ ಪರೀಕ್ಷೆಗೆ ಸೆಟ್ ಮತ್ತು ಬ್ಯಾಟರಿ ಹೊತ್ತು ಪೊಸಡಿಗುಂಪೆ ಗುಡ್ಡ ಹತ್ತಿದೆ. ಕುಂಬಳೆಯವನು ಅಲ್ಲಿಂದ ಕಳಿಸಿದ ಮೊದಲ ಸಾಲು "ಊಟ ಆಯ್ತಾ?"