ಬಾಣ ಎಡಕ್ಕೆ ವಾಲಿದ್ರೆ ಪ್ಲಸ್: ಎನರ್ಜಿಪ್ಲಸ್‌ನಲ್ಲಿ ಮನೆಯ ದಿಕ್ಕು ಕೂರಿಸೋದು ಹೇಗೆ

ವಾಸ್ತು ನೋಡೋರು ದಿಕ್ಕು ಒಂಚೂರು ತಪ್ಪಿದ್ರೂ ಬಿಡಲ್ಲ, ಆದ್ರೆ ಅದೇ ಮನೆಗೆ ಬಿಸಿಲು, ಗಾಳಿ, ಕರೆಂಟ್ ಎಷ್ಟು ಅಂತ ಎನರ್ಜಿಪ್ಲಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಷನ್ ಮಾಡೋ ಹುಡುಗ್ರು, ಮನೆಯ ದಿಕ್ಕು ಕೇಳೋ ನಾರ್ತ್ ಆಕ್ಸಿಸ್ ಅನ್ನೋ ಕಡೆ ಸೊನ್ನೆ ಬಿಟ್ಟು ರನ್ ಒತ್ತಿಬಿಡ್ತಾರೆ. ಸೊನ್ನೆ ಆದ್ರೂ ಪರ್ವಾಗಿಲ್ಲ, ಕಣ್ಣಿಗೆ ಬೀಳುತ್ತೆ. ಪ್ಲಸ್ ಹಾಕೋ ಕಡೆ ಮೈನಸ್ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ, ಗ್ರಾಫ್ ಎಲ್ಲ ಚೆಂದಾಗೇ ಬರುತ್ತೆ.

ಬೆಂಗಳೂರಿನ ಒಂದು 30×40 ಸೈಟ್ ಇಟ್ಕೊಳ್ಳೋಣ. ಮೊದಲು ಬೆಂಗಳೂರಿನ ವೆದರ್ ಫೈಲ್, ಅಂದ್ರೆ ಊರಿನ ಹವಾಮಾನದ ಅಂಕಿಅಂಶ, ಹಾಕಿ. ಅದಾಯ್ತು.

ಆಮೇಲೆ ಕೋನ. ಗೂಗಲ್ ಅರ್ಥ್ ಪ್ರೋದಲ್ಲಿ ರೂಲರ್ ತಗೊಂಡು ಸೈಟಿನ ಪಕ್ಕದ ಗಡಿ ಉದ್ದಕ್ಕೂ ರಸ್ತೆ ಕಡೆಯಿಂದ ಹಿಂದಕ್ಕೆ ಗೆರೆ ಎಳೀರಿ, ಹೆಡಿಂಗ್ ಅಂತ ಡಿಗ್ರಿ ತೋರಿಸುತ್ತೆ, ಅದೇ ಸಾಕು. ಫೋನ್ ಕಂಪಾಸ್ ಮಾತ್ರ ಬೇಡವೇ ಬೇಡ, ಸೈಟಲ್ಲಿ ಕಬ್ಬಿಣದ ರಾಡು ಬಿದ್ದಿರುತ್ತೆ, ಮುಳ್ಳು ಎಲ್ಲೆಲ್ಲಿಗೋ ಹೋಗುತ್ತೆ. ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ ಸಣ್ಣದು, ಒಂದೆರಡು ಡಿಗ್ರಿ ಒಳಗೆ. ಆದ್ರೆ ಇಲ್ಲೇ ಕೂತು ಅಮೆರಿಕದ ಪ್ರಾಜೆಕ್ಟ್ ಮಾಡೋರು ಹುಷಾರು, ನ್ಯೂಯಾರ್ಕ್ ಕಡೆ ಅದು 12–13 ಡಿಗ್ರಿ ಆಗುತ್ತೆ.

ಈಗ ಎಲ್ಲರೂ ಎಡವೋ ಜಾಗ. ಆರ್ಕಿಟೆಕ್ಟ್‌ಗಳು ಸಾಮಾನ್ಯವಾಗಿ ರಸ್ತೇನ ಹಾಳೆಯ ಕೆಳಗಡೆ ಬರೋ ಹಾಗೆ ಪ್ಲಾನ್ ಬರೀತಾರೆ, ಮೂಲೆಯಲ್ಲಿ ಉತ್ತರದ ಬಾಣ ಓರೆಯಾಗಿ ನಿಂತಿರುತ್ತೆ. ನಮ್ಮ ಪ್ಲಾನಲ್ಲಿ ಬಾಣ 25 ಡಿಗ್ರಿ ಎಡಕ್ಕೆ ವಾಲಿದೆ ಅನ್ಕೊಳ್ಳಿ. ಎಡ ಅಂದ್ರೆ ಮೈನಸ್ ಅಂತ ಮೈನಸ್ 25 ಹೊಡೀತಾರೆ. ತಪ್ಪು! ಸಾಫ್ಟ್‌ವೇರ್ ಕೇಳ್ತಿರೋದು ಬಾಣ ಎಷ್ಟು ವಾಲಿದೆ ಅಂತಲ್ಲ, ಮಾಡೆಲ್‌ನ ವೈ ಆಕ್ಸಿಸ್, ಅಂದ್ರೆ ಹಾಳೆಯ ಮೇಲ್ಗಡೆ, ನಿಜವಾದ ಉತ್ತರದಿಂದ ಗಡಿಯಾರ ತಿರುಗೋ ದಿಕ್ಕಲ್ಲಿ ಎಷ್ಟು ಸರಿದಿದೆ ಅಂತ. ಪ್ಲಾನ್ ಮೇಲೆ ನೀವೇ ನಿಂತಿದ್ದೀರಿ, ಮುಖ ಹಾಳೆಯ ಮೇಲ್ಗಡೆಗೆ, ಉತ್ತರ ಎಡಗಡೆ ಇದೆ ಅಂದ್ರೆ ನೀವು ಉತ್ತರದಿಂದ ಬಲಕ್ಕೆ ತಿರುಗಿದ್ದೀರಿ ಅಂತ ತಾನೆ? ಹಾಗಾಗಿ ಪ್ಲಸ್ 25. ಪ್ಲಾನ್ ಬರೆಯೋ ಆಟೋಕ್ಯಾಡ್ ಇನ್ನೊಂದು ತಲೆನೋವು, ಅದು ಕೋನಾನ ಬಲಗಡೆಯಿಂದ ಶುರು ಮಾಡಿ ಗಡಿಯಾರಕ್ಕೆ ಉಲ್ಟಾ ಎಣಿಸುತ್ತೆ. ಅಲ್ಲಿ ಬಾಣದ ಕೋನ 115 ಅಂತ ಬಂದ್ರೆ 90 ಕಳೀರಿ, ಉಳಿದ 25 ಚಿಹ್ನೆ ಸಮೇತ ಹಾಗೇ ಹಾಕಿ.

ಚಿಹ್ನೆ ಒಂದರಿಂದ ಏನು ಮಹಾ ಆಗುತ್ತೆ ಅನ್ನೋರಿಗೆ ಲೆಕ್ಕ ಹೇಳ್ತೀನಿ. ಹಾಳೆಯ ಮೇಲ್ಗಡೆ ಸೊನ್ನೆ ಅಂತ ಗಡಿಯಾರದ ದಿಕ್ಕಲ್ಲಿ ಎಣಿಸಿದ್ರೆ ಎಡಗಡೆ ಗೋಡೆ ಮಾಡೆಲಲ್ಲಿ 270 ಡಿಗ್ರಿ, ಪ್ಲಸ್ 25 ಸೇರಿದ್ರೆ 295. ಬೆಂಗಳೂರಲ್ಲಿ ಜೂನ್ 21ರ ಸೂರ್ಯ ಮುಳುಗೋದು ಹೆಚ್ಚುಕಮ್ಮಿ ಅದೇ ದಿಕ್ಕಲ್ಲಿ. ಮೈನಸ್ ಹಾಕಿದ್ರೆ ಗೋಡೆ 245ಕ್ಕೆ ಹೋಗುತ್ತೆ, ಅದು ಡಿಸೆಂಬರ್ 21ರ ಸೂರ್ಯಾಸ್ತದ ದಿಕ್ಕು! ಸಾಲದ್ದಕ್ಕೆ ಮಳೆಗಾಲದ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸೋದ್ರಿಂದ ಆ ತಪ್ಪು ಗೋಡೆಯ ಕಿಟಕಿಗೆ ನೆಟ್ಟಗೆ ಹೊಡೆಯುತ್ತೆ, ರಿಪೋರ್ಟಲ್ಲಿ ರೂಮು ತುಂಬ ಗಾಳಿ, ಮನೇಲಿ ಫ್ಯಾನೇ ಗತಿ.

ಸಂಖ್ಯೆ ಸರಿ ಹಾಕಿದ್ರೂ ಮನೆ ಅಲ್ಲಾಡ್ತಿಲ್ವಾ? ಗ್ಲೋಬಲ್ ಜಿಯಾಮೆಟ್ರಿ ರೂಲ್ಸ್ ಅನ್ನೋ ಸೆಟ್ಟಿಂಗ್ ನೋಡಿ, ಕೋಆರ್ಡಿನೇಟ್ ಸಿಸ್ಟಮ್ ವರ್ಲ್ಡ್ ಅಂತಿದ್ರೆ ನಾರ್ತ್ ಆಕ್ಸಿಸ್‌ಗೆ ಕಿಮ್ಮತ್ತೇ ಇಲ್ಲ, ರಿಲೇಟಿವ್ ಇರ್ಬೇಕು.

ಕಿಟಕಿ-ಬಾಗಿಲಿಂದ ಗಾಳಿ ಎಷ್ಟು ಓಡಾಡುತ್ತೆ ಅಂತ ಲೆಕ್ಕ ಹಾಕೋ ಏರ್‌ಫ್ಲೋ ನೆಟ್‌ವರ್ಕ್ ಬಳಸೋರಿಗೆ ಬೀಳೋಕೆ ಇನ್ನೊಂದು ಗುಂಡಿ ಇದೆ. ಗಾಳಿ ಒತ್ತಡದ ಗುಣಾಂಕಾನ, ಅಂದ್ರೆ ಯಾವ ಗೋಡೆ ಮೇಲೆ ಗಾಳಿ ಎಷ್ಟು ಒತ್ತುತ್ತೆ ಅನ್ನೋ ಸಂಖ್ಯೇನ, ಸಾಫ್ಟ್‌ವೇರೇ ಲೆಕ್ಕ ಹಾಕ್ಲಿ ಅಂತ ಬಿಟ್ರೆ ಕಟ್ಟಡದ ಉದ್ದದ ಅಕ್ಷ ಉತ್ತರದಿಂದ ಎಷ್ಟು ಡಿಗ್ರಿ ಅಂತ ಬೇರೆ ಕೇಳುತ್ತೆ. ಅದು ಪ್ರತ್ಯೇಕ ಸಂಖ್ಯೆ, ನಾರ್ತ್ ಆಕ್ಸಿಸ್ ಬದಲಾಯಿಸಿದ್ರೆ ತಾನಾಗೇ ಬದಲಾಗಲ್ಲ. ಉದ್ದ ಹಾಳೆಯ ಮೇಲೆ-ಕೆಳಗೆ ಇದ್ರೆ 25, ಅಡ್ಡಡ್ಡ ಇದ್ರೆ 115.

ಪಕ್ಕದ ಮನೆ ನೆರಳು ಸೇರಿಸಿದ್ರೆ ಯಾವ ಥರದ್ದು ಅಂತ ನೋಡ್ಕೊಳ್ಳಿ. ಸೈಟ್ ಶೇಡಿಂಗ್ ನೆಲಕ್ಕೆ ಅಂಟಿಕೊಂಡಿರುತ್ತೆ, ಬಿಲ್ಡಿಂಗ್ ಶೇಡಿಂಗ್ ಮನೆ ಜೊತೆ ತಿರುಗುತ್ತೆ. ಅದೇ ಹಾಳೆ ನೋಡಿ ಬರೆದಿದ್ರೆ ಎರಡನೇದು ಸರಿ, ಆದ್ರೆ ಮನೇನ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಯಾವುದು ತಂಪು ಅಂತ ನೋಡೋರು ಅದನ್ನೇ ಬಿಟ್ರೆ ಪಕ್ಕದ ಮನೆಯವರೂ ಜೊತೆಗೆ ಸುತ್ತುತ್ತಾರೆ. ಒಂದು ಆಫೀಸಿನ ರಿಪೋರ್ಟಲ್ಲಿ ನಾಲ್ಕು ದಿಕ್ಕಿಗೆ ತಿರುಗಿಸಿದ್ರೂ ಪಕ್ಕದ ಮನೆ ಅದೇ ಗೋಡೆ ಪಕ್ಕಾನೇ ನಿಂತಿತ್ತು, ಕಾರಣ ಇದೇ.

ಬೇರೆ ಸಾಫ್ಟ್‌ವೇರ್ ಆದ್ರೆ ನನ್ನ ಪ್ಲಸ್-ಮೈನಸ್ ಕಣ್ಮುಚ್ಚಿ ನಂಬ್ಬೇಡಿ, ಒಂದೇ ಕಿಟಕಿ ಇರೋ ಡಬ್ಬ ಮಾಡಿ 90 ಹಾಕಿ ಯಾವ ಕಡೆ ತಿರುಗಿತು ನೋಡಿ, ಎರಡು ನಿಮಿಷದ ಕೆಲಸ. ಎನರ್ಜಿಪ್ಲಸ್ ಆದ್ರೆ ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೇನೆ ನಾಲ್ಕು ಗೋಡೆ ಡಿಗ್ರಿ ಪೆನ್ನಲ್ಲಿ ಪ್ಲಾನ್ ಮೇಲೆ ಬರ್ಕೊಳ್ಳಿ, ಆಮೇಲೆ ರಿಪೋರ್ಟಿನ ಎನ್ವೆಲಪ್ ಸಮ್ಮರಿ ಅನ್ನೋ ಗೋಡೆ-ಕಿಟಕಿ ಪಟ್ಟಿಯಲ್ಲಿ ಅಜಿಮತ್ (ಗೋಡೆ ನೋಡೋ ದಿಕ್ಕಿನ ಡಿಗ್ರಿ) ಕಾಲಮ್ ಪಕ್ಕ ಹಿಡಿದು ನೋಡಿ. ಎರಡೂ ಕೂಡದಿದ್ರೆ ಕರೆಂಟ್ ಬಿಲ್ ಪುಟಕ್ಕೆ ಹೋಗೋದೇ ಬೇಡ.